ಗಾಂಧಾರಿ ಹಾನಗಲ್ ಯಾರು?

ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾತ್ರಿ ರೈಲಿನಲ್ಲಿ ಬರುವವರಿಗೆ ಕುಂದಗೋಳ ಅಂದರೆ ಎದ್ದು ಚಪ್ಪಲಿ ಹುಡುಕುವ ಹೊತ್ತು. ನಮ್ಮ ರೈಲು ಅಲ್ಲಿ ನಿಲ್ಲುವುದಿಲ್ಲ. ಹಳದಿ ಬೋರ್ಡು ಸರ್ರನೆ ಹಿಂದಕ್ಕೆ ಹೋಗುತ್ತದೆ. ಕೆಳಗಿನ ಬರ್ತಿನವರು ಚಾದರ ಮಡಚುತ್ತಾರೆ, ಯಾರೋ ಮನೆಗೆ ಫೋನ್ ಮಾಡಿ "ಇನ್ನ ಅರ್ಧ ತಾಸಿನ್ಯಾಗ ಬಂದ್ಯಾ" ಅನ್ನುತ್ತಾರೆ. ನಾನು ಚಿಕ್ಕವಳಿದ್ದಾಗ ಅಪ್ಪ ಇದೇ ಜಾಗದಲ್ಲಿ ನಮ್ಮನ್ನು ಎಬ್ಬಿಸುತ್ತಿದ್ದರು. "ಏಳ್ರಿ, ಕುಂದಗೋಳ ಬಂತು." ಕುಂದಗೋಳ ಅನ್ನುವುದು ನನಗೆ ಒಂದು ಊರಾಗಿರಲೇ ಇಲ್ಲ. ಅದು ಅಲಾರಾಂ ಆಗಿತ್ತು.

ಈಗೊಂದೆರಡು ವರ್ಷದಿಂದ ಆ ಬೋರ್ಡು ಬಂದಾಗ ನಾನು ಕಿಟಕಿಯ ಹತ್ತಿರ ಸರಿದು ಕೂರುತ್ತೇನೆ. ಈ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದಾರಿಯನ್ನು ಸುಮಾರು ಎಂಬತ್ತೈದು ವರ್ಷದ ಹಿಂದೆ ಹುಬ್ಬಳ್ಳಿಯ ಒಬ್ಬ ಹೆಣ್ಣುಮಗಳು ಸಂಜೆ ಸಂಜೆ ರೈಲು ಹತ್ತಿ ಹೋಗಿ ಬರುತ್ತಿದ್ದರು. ಮಕ್ಕಳ ತಾಯಿ. ಅಷ್ಟು ಹೊತ್ತಿಗೆ ಅವರ ರೆಕಾರ್ಡುಗಳು ಬಂದಿದ್ದವು, ರೇಡಿಯೋದಲ್ಲಿ ಹಾಡುತ್ತಿದ್ದರು, ಮುಂಬೈಯಲ್ಲಿ ಹೆಸರಿತ್ತು. ಆದರೂ ಹೋಗುತ್ತಿದ್ದರು. ಕಲಿಯುವುದಕ್ಕೆ.

ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರೇ ಆ ಹೆಣ್ಣುಮಗಳು. ಅವರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಬರೆಯಲು ಹೆದರಿಕೆ. ನಾನು ಸಂಗೀತ ಬಲ್ಲವಳಲ್ಲ. ಏಳನೇ ಕ್ಲಾಸಿನವರೆಗೆ ಸರಿಗಮ ಕಲಿತು ಬಿಟ್ಟವಳು. ಆದರೆ ಒಂದು ರೆಕಾರ್ಡು ಕೇಳಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ.

ಅದನ್ನು ಹೇಳುವ ಮೊದಲು ನಮ್ಮ ಮನೆಯ ರೇಡಿಯೋ ಬಗ್ಗೆ ಹೇಳಬೇಕು.

ನಮ್ಮ ಮನೆಯಲ್ಲಿ ರೇಡಿಯೋ ಅಡುಗೆಮನೆಯ ಮಾಡದಲ್ಲಿ ಇರುತ್ತಿತ್ತು. ಧಾರವಾಡ ಆಕಾಶವಾಣಿ ಬೆಳಿಗ್ಗೆ ಶುರುವಾದರೆ ಅಜ್ಜಿ ರೊಟ್ಟಿ ಬಡಿದು ಮುಗಿಸುವವರೆಗೂ ಹಾಡುತ್ತಲೇ ಇರಬೇಕು. ನನಗೆ ಆರು ವರ್ಷ ಇರಬಹುದು. ಒಂದು ಬೆಳಿಗ್ಗೆ ಯಾರೋ ಬಹಳ ಹೊತ್ತು ಒಂದೇ ಸ್ವರ ಹಿಡಿದು ನಿಂತಿದ್ದರು. ಗಡಸು ದನಿ, ಹೊಟ್ಟೆಯ ತಳದಿಂದ ಎದ್ದು ಬಂದಂಥದು. "ಈ ಅಜ್ಜಾರು ಯಾರು?" ಅಂತ ಕೇಳಿದೆ. ಅಜ್ಜಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕರು. "ಅಜ್ಜಾರಲ್ಲಬೇ, ಅಕಿ ಹೆಣ್ಮಗಳು. ನಮ್ಮೂರಾಕಿ. ಗಂಗೂಬಾಯಾರು."

ನಾನು ನಂಬಲಿಲ್ಲ. ಅಜ್ಜಿ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಹೆಂಗಸರ ದನಿ ಅಂದರೆ ಸಣ್ಣಗೆ ಇರಬೇಕು ಅಲ್ವಾ? ಶಾಲೆಯಲ್ಲಿ ನನ್ನ ದನಿ ದಪ್ಪ ಅಂತ ಪ್ರಾರ್ಥನೆಯ ಗುಂಪಿನಲ್ಲಿ ಹಿಂದಿನ ಸಾಲಿಗೆ ನಿಲ್ಲಿಸಿದ್ದರು. ಅಲ್ಲಿ ಬಾಯಿ ಆಡಿಸಿದರೆ ಸಾಕು, ದನಿ ತೆಗೆಯಬೇಡ ಅಂದಿದ್ದರು. ಹಾಗಾಗಿ ಆ ವಿಷಯದಲ್ಲಿ ನನಗೆ ಅನುಭವ ಇತ್ತು.

ಇದಾದ ಎಷ್ಟೋ ವರ್ಷಗಳ ಮೇಲೆ, ಎರಡು ವರ್ಷದ ಹಿಂದೆ, ಆಫೀಸಿನಿಂದ ಬರುವಾಗ ಸಿಲ್ಕ್ ಬೋರ್ಡ್ ಜಾಮಿನಲ್ಲಿ ಕೂತು ಫೋನಿನಲ್ಲಿ ಹಳೇ ರೆಕಾರ್ಡು ಹುಡುಕುತ್ತಿದ್ದೆ. ಒಂದು ಹೆಸರು ಸಿಕ್ಕಿತು: ಗಾಂಧಾರಿ ಹಾನಗಲ್. ಗಂಗೂಬಾಯಿ ಗೊತ್ತು, ಈ ಗಾಂಧಾರಿ ಯಾರು? ಅಕ್ಕನೋ ತಂಗಿಯೋ? ಒತ್ತಿದೆ. 78 ಆರ್‌ಪಿಎಂ ಗ್ರಾಮಫೋನ್ ತಟ್ಟೆ. ಚರಚರ ಸದ್ದು. ಆಮೇಲೆ ಒಂದು ಹುಡುಗಿಯ ದನಿ. ತೆಳ್ಳಗೆ, ಮೇಲಿನ ಸ್ವರಕ್ಕೆ ಗುಬ್ಬಿ ಹಾರಿದ ಹಾಗೆ ಹಾರಿ ಕೂರುವಂಥದು. ತಾನುಗಳು, ಅಂದರೆ ಸ್ವರಗಳ ವೇಗದ ಓಟ, ಮಣಿ ಚೆಲ್ಲಿದಂತೆ. ಮೂರು ನಿಮಿಷದಲ್ಲಿ ಮುಗಿದೇ ಹೋಯಿತು.

ಅದು ಅವರೇ. 1930ರ ದಶಕದಲ್ಲಿ ಎಚ್‌ಎಂವಿ ಕಂಪನಿ ಅವರ ರೆಕಾರ್ಡುಗಳನ್ನು ತಂದಾಗ ಲೇಬಲ್ಲಿನ ಮೇಲೆ ಗಾಂಧಾರಿ ಅಂತ ಹಾಕಿತ್ತು. ಹಾನಗಲ್ ಅನ್ನುವುದು ಈಗಿನ ಹಾವೇರಿ ಜಿಲ್ಲೆಯಲ್ಲಿರುವ ಅವರ ಹಿರಿಯರ ಊರು. ಹೆಸರೂ ಬೇರೆ, ದನಿಯೂ ಬೇರೆ, ಮನುಷ್ಯರು ಮಾತ್ರ ಒಬ್ಬರೇ.

ಅವತ್ತು ಮನೆಗೆ ಬಂದು ಊಟಾನೂ ಮಾಡದೆ ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿದೆ. 1930ರ ದಶಕದ್ದು, ಆಮೇಲೆ 70ರ ದಶಕದ್ದು. ನಡುವೆ ಏನೋ ಒಂದು ಕಳೆದುಹೋಗಿತ್ತು. ಅದು ಕಳೆದದ್ದರಿಂದ ಇನ್ನೊಂದು ಹುಟ್ಟಿತ್ತು.

ಗಂಗೂಬಾಯಿ ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ಬೆಳೆದದ್ದು ಶುಕ್ರವಾರಪೇಟೆಯಲ್ಲಿ. ತಂದೆ ಚಿಕ್ಕೂರಾವ್ ನಾಡಿಗೇರ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಸುಮ್ಮನೆ ಮನೆಯಲ್ಲಿ ಹಾಡಿಕೊಳ್ಳುವವರಲ್ಲ. ಕಿರಾಣಾ ಘರಾಣೆ ಅನ್ನುವ ಹಿಂದೂಸ್ತಾನಿ ಗಾಯನ ಪರಂಪರೆಯ ಅಬ್ದುಲ್ ಕರೀಂ ಖಾನರಂಥ ಗಾಯಕರೇ ಧಾರವಾಡಕ್ಕೆ ಬಂದಾಗ ಈ ಮನೆಗೆ ಬಂದು ಕೂತು ಕೇಳುತ್ತಿದ್ದರು ಅಂದರೆ ಲೆಕ್ಕ ಹಾಕಿ.

ಪುಟ್ಟ ಗಂಗೂಗೆ ಮಾತ್ರ ತಾಯಿಯ ಸಂಗೀತಕ್ಕಿಂತ ಬೀದಿಯ ಗ್ರಾಮಫೋನಿನ ಹುಚ್ಚು. ಎಲ್ಲೋ ಹಿಂದೂಸ್ತಾನಿ ತಟ್ಟೆ ಹಾಕಿದ್ದು ಕೇಳಿದರೆ ಬೀದಿಗೆ ಓಡುವುದು, ಕೇಳಿದ್ದನ್ನು ಮನೆಗೆ ಬಂದು ಹಾಗೇ ಹಾಡಿ ತೋರಿಸುವುದು. ಧಾರವಾಡ ಅಂದರೆ ಹಾಗೇ. ದಕ್ಷಿಣದ ಸಂಗೀತ ಮುಗಿದು ಉತ್ತರದ ಸಂಗೀತ ಶುರುವಾಗುವ ಗಡಿ ಅದು. ಆ ಗಡಿ ಇವರ ಮನೆಯ ನಡುಮನೆಯಲ್ಲೇ ಹಾದುಹೋಗಿತ್ತು. ಮಗಳು ಹಿಂದೂಸ್ತಾನಿ ಕಲಿಯಲಿ ಅಂತ ತೀರ್ಮಾನವಾಯಿತು.

ಆಗ ಅಂಬಾಬಾಯಿ ಒಂದು ಕೆಲಸ ಮಾಡಿದರು. ತಮ್ಮ ಹಾಡು ನಿಲ್ಲಿಸಿದರು.

ಕರ್ನಾಟಕ ಸಂಗೀತದ ಗಮಕ, ಅಂದರೆ ಸ್ವರದ ಓಲಾಟ, ಮಗಳ ಕಿವಿಗೆ ಬೀಳುತ್ತಿದ್ದರೆ ಅವಳ ಹಿಂದೂಸ್ತಾನಿ ಕೆಡುತ್ತದೆ ಅಂತ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಇಟ್ಟೆ. ಗಂಗೂಬಾಯಿಯವರ ಬಗ್ಗೆ ಯಾರೇ ಮಾತಾಡಿದರೂ ಈ ವಿಷಯವನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ತಾಯಿಯ ತ್ಯಾಗ, ಮುಗೀತು. ಒಂದು ಸಲ ಯೋಚಿಸಿ ನೋಡಿ. ದಿನಾ ತಂಬೂರಿ ಹಿಡಿದು ಕೂರುತ್ತಿದ್ದ ಹೆಂಗಸು. ಬೆಳಿಗ್ಗೆ ಎದ್ದರೆ ಬಾಯಿಗೆ ತಾನಾಗಿ ಒಂದು ಕೀರ್ತನೆ ಬರುತ್ತದೆ. ಅದನ್ನು ನುಂಗಿಕೊಳ್ಳಬೇಕು. ಮಗಳು ಪಕ್ಕದ ಕೋಣೆಯಲ್ಲಿದ್ದಾಳೆ. ಗುನುಗುವ ಹಾಗೂ ಇಲ್ಲ. ಅದು ಒಂದು ದಿನದ ತ್ಯಾಗ ಅಲ್ಲ. 1932ರಲ್ಲಿ ತೀರಿಕೊಳ್ಳುವವರೆಗೂ ದಿನಾ ಮಾಡಬೇಕಾದ ಕೆಲಸ.

ಅಬ್ದುಲ್ ಕರೀಂ ಖಾನರು ಹುಡುಗಿಯ ದನಿ ಕೇಳಿ ಮೆಚ್ಚಿ, ಚೆನ್ನಾಗಿ ತಿನ್ನು, ಚೆನ್ನಾಗಿ ಹಾಡು ಅಂದಿದ್ದರಂತೆ. ಹಾಡಿದ್ದೇನೋ ಬೇಕಾದಷ್ಟು ಆಯಿತು, ತಿನ್ನೋದಕ್ಕೆ ಎಲ್ಲಿತ್ತು ಅಂತ ಮುಂದೆ ಗಂಗೂಬಾಯಿ ನಗುತ್ತಾ ಹೇಳುತ್ತಿದ್ದರು. ನಗುತ್ತಾ ಹೇಳುವುದು ಅವರ ಅಭ್ಯಾಸ. ಅವರ ಬಾಲ್ಯದ ಕಥೆಗಳನ್ನು ಅವರದೇ ಧಾಟಿಯಲ್ಲಿ ಕೇಳಿದರೆ ಮೊದಲು ನಗು ಬರುತ್ತದೆ, ಆಮೇಲೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ನೆರೆಮನೆಯವರ ತೋಟದಲ್ಲಿ ಮಾವಿನಕಾಯಿ ಕದ್ದ ಕಥೆಯೂ ಅಂಥದ್ದೇ. ಆ ಮನೆಯವರಿಗೆ ಮಾವಿನಕಾಯಿ ಹೋದದ್ದಕ್ಕೆ ಸಿಟ್ಟಲ್ಲ. ಹಾಡುವವರ ಮನೆಯ ಹುಡುಗಿ ತೋಟದೊಳಗೆ ಕಾಲಿಟ್ಟಳಲ್ಲ ಅಂತ ಸಿಟ್ಟು.

1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷರು. ಸ್ವಾಗತ ಗೀತೆ ಹಾಡಿದ ಹುಡುಗಿಯರಲ್ಲಿ ಹನ್ನೊಂದು ವರ್ಷದ ಗಂಗೂ ಒಬ್ಬಳು. ಗಾಂಧಿ ಮುಂದೆ ಹಾಡಿದ ಹುಡುಗಿ ಅಂತ ನಾವು ಇವತ್ತು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಹುಡುಗಿಯ ತಲೆಯಲ್ಲಿ ಇದ್ದ ಚಿಂತೆಯೇ ಬೇರೆ. ಊಟಕ್ಕೆ ನನ್ನನ್ನು ಬೇರೆ ಕೂರಿಸುತ್ತಾರಾ? ಉಂಡ ಮೇಲೆ ಎಂಜಲು ನಾನೇ ಬಳಿಯಬೇಕಾ?

1928ರಲ್ಲಿ ಮನೆ ಹುಬ್ಬಳ್ಳಿಗೆ ಬಂತು. ಕೃಷ್ಣಾಚಾರ್ಯ ಹುಲಗೂರರ ಹತ್ತಿರ ಸುಮಾರು ಒಂದು ವರ್ಷದಲ್ಲಿ ಅರವತ್ತು ಚೀಜುಗಳ, ಅಂದರೆ ಹಾಡಿನ ರಚನೆಗಳ, ಪಾಠ ಆಯಿತು. ಆಮೇಲೆ ಸ್ವಲ್ಪ ಕಾಲ ದತ್ತೋಪಂತ ದೇಸಾಯರ ಹತ್ತಿರ. ಹದಿನಾರಕ್ಕೆ ಮದುವೆ, ವಕೀಲರಾದ ಗುರುರಾವ್ ಕೌಲಗಿಯವರ ಜೊತೆ. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಸಂಸಾರದ ದುಡಿಮೆ ಬಹುಪಾಲು ಹಾಡಿನಿಂದಲೇ ಬರಬೇಕಿತ್ತು. ಇಷ್ಟು ಹೇಳಿದರೆ ಸಾಕು. ಸನ್ಮಾನದ ಭಾಷಣಗಳಲ್ಲಿ ಈ ಭಾಗವನ್ನು ಅರ್ಧ ಗಂಟೆ ಎಳೆಯುತ್ತಾರೆ. ನನಗೆ ಅದು ಕೇಳಿದರೆ ಕಿರಿಕಿರಿ. ಕಷ್ಟ ಪಟ್ಟವರು ಆ ಕಾಲದ ಹುಬ್ಬಳ್ಳಿಯಲ್ಲಿ ಓಣಿಗೆ ಹತ್ತು ಮಂದಿ ಇದ್ದರು. ಆಭೋಗಿ ರಾಗವನ್ನು ಅವರ ಹಾಗೆ ಹಾಡುವವರು ಒಬ್ಬರೇ ಇದ್ದರು.

ಇನ್ನು ಗುರುಗಳು. ಸವಾಯಿ ಗಂಧರ್ವರು ಅಂದರೆ ಕುಂದಗೋಳದ ರಾಮಭಾವು. ಅಬ್ದುಲ್ ಕರೀಂ ಖಾನರ ಶಿಷ್ಯ. ಮರಾಠಿ ನಾಟಕಗಳಲ್ಲಿ ಸ್ತ್ರೀ ಪಾತ್ರ ಮಾಡಿ ಹೆಸರಾದವರು, ಆ ಬಿರುದು ಅಲ್ಲಿಂದಲೇ ಬಂದದ್ದು. ಕಂಪನಿ ಜೊತೆ ಊರೂರು ತಿರುಗುವವರು, ಹಾಗಾಗಿ ಶುರುವಿನಲ್ಲಿ ಊರಿಗೆ ಬಂದಾಗ ಬಂದಷ್ಟೇ ಪಾಠ. ಅವರು ಕುಂದಗೋಳದಲ್ಲಿ ನೆಲೆ ನಿಂತ ಮೇಲೆ ಸುಮಾರು ಮೂರು ವರ್ಷ ಬಿಡದೆ ಕಲಿಸಿದರು. ಈ ರೈಲಿನ ಕಥೆ ಆ ಮೂರು ವರ್ಷದ್ದು.

ಆಗಿನ ರೈಲು ಮೀಟರ್ ಗೇಜು, ಕಲ್ಲಿದ್ದಲ ಇಂಜಿನ್ನು. ನಾವೀಗ ಅರ್ಧ ತಾಸು ಅನ್ನುವುದು ಆಗ ಎಷ್ಟೋ. ಇನ್ನೊಂದು ಮಜಾ ಇದೆ. ಹುಬ್ಬಳ್ಳಿ ಆಗ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿತ್ತು. ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಅಂದರೆ ಈ ಹೆಣ್ಣುಮಗಳು ಸಂಗೀತದ ಪಾಠಕ್ಕೆ ಒಂದು ರಾಜ್ಯ ದಾಟಿ ಇನ್ನೊಂದು ರಾಜ್ಯಕ್ಕೆ ಹೋಗಿ ರಾತ್ರಿ ವಾಪಸ್ ಬರುತ್ತಿದ್ದರು!

ಗುರುಗಳ ಮನೆಯಲ್ಲಿ ಆಗ ಇನ್ನೊಬ್ಬ ಹುಡುಗ ಇದ್ದ. ಗದಗದ ಕಡೆಯವನು, ಮನೆ ಬಿಟ್ಟು ಊರೂರು ಅಲೆದು ಕೊನೆಗೆ ಇಲ್ಲಿ ಬಂದು ಬಿದ್ದವನು. ಗುರುಗಳ ಮನೆಗೆ ನೀರು ಹೊರುವುದು, ಹೇಳಿದ ಕೆಲಸ ಮಾಡುವುದು, ಉಳಿದ ಹೊತ್ತಿನಲ್ಲಿ ಪಾಠ. ಪಾಠ ಮುಗಿದ ಮೇಲೆ ಗಂಗೂಬಾಯಿಯವರನ್ನು ಸ್ಟೇಷನ್ನಿಗೆ ಬಿಟ್ಟು ಬರುವುದೂ ಆ ಹುಡುಗನ ಕೆಲಸ. ಅವನೇ ಭೀಮಸೇನ ಜೋಶಿ. ಕೊನೆಯವರೆಗೂ ಅವರನ್ನು ಅಕ್ಕ ಅಂತಲೇ ಕರೆದವರು. ಕುಂದಗೋಳದ ಆ ಕತ್ತಲೆ ದಾರಿಯಲ್ಲಿ ಇಬ್ಬರೂ ನಡೆದು ಹೋಗುವುದನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ಹುಡುಗನ ಕೈಗೆ ಒಂದು ಕಂದೀಲು ಕೊಟ್ಟಿದ್ದೇನೆ. ಏನು ಮಾತಾಡುತ್ತಿದ್ದಿರಬಹುದು? ಗುರುಗಳು ಅವತ್ತು ಬೈದದ್ದನ್ನೇ ಇರಬೇಕು.

ಹುಬ್ಬಳ್ಳಿಯಲ್ಲಿ ಇಳಿದು ಮನೆಗೆ ನಡೆಯುವ ದಾರಿಯಲ್ಲಿ ಕಂದೀಲು ಇರಲಿಲ್ಲ. ಜನ ಇದ್ದರು. ಕಿಟಕಿಯಿಂದ, ಕಟ್ಟೆಯಿಂದ, "ಗಾನೇವಾಲಿ ಬಂದ್ಲು ನೋಡ್ರೋ" ಅನ್ನುವವರು. ಅದೇ ನನ್ನ ಊರು. ನಮ್ಮ ಓಣಿಯವರೂ ಆ ಕಟ್ಟೆಯ ಮೇಲೆ ಇದ್ದಿರಬಹುದು. ಇದನ್ನು ಬರೆಯುವಾಗ ಬೇರೆ ಊರಿನವರ ಕಥೆ ಹೇಳುವಷ್ಟು ಹಗುರಾಗಿ ಬರೆಯೋಕೆ ಆಗುತ್ತಿಲ್ಲ.

ಇಷ್ಟೆಲ್ಲ ಮಾಡಿ ಹೋದರೆ ಅಲ್ಲಿ ಸಿಗುತ್ತಿದ್ದದ್ದು ಏನು? ಒಂದು ಪಲ್ಟಾ. ನಾಲ್ಕಾರು ಸ್ವರದ ಒಂದು ತುಣುಕು. ಅದನ್ನೇ ಹಾಡು. ಮತ್ತೆ ಹಾಡು. ಇನ್ನೊಂದು ಸಲ. ನಾಳೆ ಬಂದರೂ ಅದೇ. ಹುಲಗೂರರು ವರ್ಷಕ್ಕೆ ಅರವತ್ತು ಚೀಜು ಕೊಟ್ಟಿದ್ದರು. ಸವಾಯಿ ಗಂಧರ್ವರು ಕೊಟ್ಟದ್ದು ಎಣಿಸಿ ನೋಡಿದರೆ ಬಹಳ ಕಡಿಮೆ ರಾಗ. ಜಿಪುಣ ದುಡ್ಡು ಬಿಚ್ಚುವ ಹಾಗೆ ಸ್ವರ ಬಿಚ್ಚಬೇಕು, ಒಂದೊಂದೇ, ಕೇಳುವವನಿಗೆ ಅದರ ಬೆಲೆ ಗೊತ್ತಾಗುವ ಹಾಗೆ. ಇದು ಗುರುಗಳ ಪಾಠ ಅಂತ ಗಂಗೂಬಾಯಿ ಮತ್ತೆ ಮತ್ತೆ ಹೇಳಿದ್ದಾರೆ.

ನನ್ನ ಮಟ್ಟಿಗೆ ಇಡೀ ಕಥೆಯ ಗಂಟು ಇಲ್ಲೇ ಇದೆ. ಯಾಕೆಂದರೆ ಈ ಪಾಠ ಬಂದ ಹೊತ್ತು ನೋಡಿ.

ಆಗ ಅವರ ಹತ್ತಿರ ಆ ಗುಬ್ಬಿಯಂಥ ದನಿ ಇತ್ತು. ಮೂರು ನಿಮಿಷದ ತಟ್ಟೆಯಲ್ಲಿ ಝಗಮಗ ಹೊಳೆಯುವ ದನಿ. ಆ ದನಿಯ ಗಾಯಕಿಗೆ ಠುಮರಿಯಂಥ ಲಘು ಶಾಸ್ತ್ರೀಯ ಹಾಡು ಇತ್ತು, ಭಜನ್ ಇತ್ತು, ಭಾವಗೀತೆ ಇತ್ತು, ರೆಕಾರ್ಡು ಕಂಪನಿಯವರು ಬಾಗಿಲಲ್ಲಿ ಇದ್ದರು. ಮಾರುಕಟ್ಟೆ ಲೆಕ್ಕದಲ್ಲಿ ಅವರು ಇನ್ನೇನೂ ಕಲಿಯುವ ಅಗತ್ಯವೇ ಇರಲಿಲ್ಲ. ಆಮೇಲೆ, 1940ರ ದಶಕದಲ್ಲಿ, ಗಂಟಲಿಗೆ ತೊಂದರೆ ಬಂತು. ಟಾನ್ಸಿಲ್. ಶಸ್ತ್ರಚಿಕಿತ್ಸೆ ಆಯಿತು. ದನಿ ಇಳಿಯಿತು. ಇಳಿಯಿತು ಅಂದರೆ ಒಂದು ದಿನ ನೆಗಡಿಯಾದ ಹಾಗಲ್ಲ. ಹೋದದ್ದು ವಾಪಸ್ ಬರಲಿಲ್ಲ.

ಸಾಮಾನ್ಯವಾಗಿ ಹೆಂಗಸರು ಕಾಳಿ ನಾಲ್ಕು, ಕಾಳಿ ಐದು ಅಂತ, ಅಂದರೆ ಹಾರ್ಮೋನಿಯಂನ ನಾಲ್ಕನೇ, ಐದನೇ ಕರಿ ಮಣೆಯ ಮೇಲಿನ ಶ್ರುತಿಯಲ್ಲಿ ಹಾಡುತ್ತಾರೆ. ಗಂಡಸರು ಕಾಳಿ ಒಂದು, ಎರಡು. ಶ್ರುತಿ ಇಳಿದರೆ ತಂಬೂರಿಯ ತಂತಿ ಸಡಿಲಿಸಿದರೆ ಆಯಿತು ಅನ್ನುವ ಹಾಗಿಲ್ಲ. ಗಂಟಲಿನಲ್ಲಿ ಯಾವ ಸ್ವರ ಎಲ್ಲಿ ಕೂರುತ್ತದೆ ಅನ್ನುವ ಗುರುತೆಲ್ಲ ಹಳೇ ದನಿಯದ್ದು. ಮೇಲಿನ ಷಡ್ಜ, ಅಂದರೆ ಮೇಲಿನ 'ಸ', ಕೈಚಾಚಿದರೆ ಸಿಗುತ್ತಿತ್ತು, ಈಗ ಏಣಿ ಹಾಕಬೇಕು. ಚೀಜು ಗೊತ್ತು, ತಾನು ಗೊತ್ತು. ಹೇಳುವ ಗಂಟಲು ಮಾತ್ರ ಬೇರೆಯವರದ್ದು. ಮೂವತ್ತರ ಆಸುಪಾಸಿನ ವಯಸ್ಸು. ಮನೆ ನಡೆಯಬೇಕಾದದ್ದು ಇದೇ ಗಂಟಲಿನಿಂದ.

ಗುರುಗಳನ್ನು ಕೇಳೋಣ ಅಂದರೆ ಅವರಿಗೂ ಆ ದಶಕದ ಶುರುವಿನಲ್ಲೇ ಪಾರ್ಶ್ವವಾಯು ಹೊಡೆದಿತ್ತು.

ಆಗ ಅವರ ಕೈಯಲ್ಲಿ ಉಳಿದಿದ್ದದ್ದು ಜಿಪುಣನ ಪಾಠ. ಆ ಪಾಠಕ್ಕೆ ತೆಳ್ಳನೆ ದನಿ ಬೇಕಿಲ್ಲ. ಹಾರುವುದು ಬೇಕಿಲ್ಲ. ಒಂದು ಸ್ವರದ ಮೇಲೆ ನಿಲ್ಲುವುದು ಬೇಕು. ಹೊಸ ದನಿಗೆ ನಿಲ್ಲುವುದು ಬರುತ್ತಿತ್ತು, ಅದೂ ಎಂಥ ನಿಲ್ಲುವುದು! ಆ ದಶಕದ ನಡುವಿನ ಹೊತ್ತಿಗೆ ಅವರು ಠುಮರಿ, ಭಜನ್ ಎಲ್ಲ ಬಿಟ್ಟರು. ರಾಗ ಮಾತ್ರ ಹಾಡುತ್ತೇನೆ ಅಂದರು. ಕೇಳಿದವರಿಗೆಲ್ಲ ಅದನ್ನೇ ಹೇಳಿದರು. ಜನ ಇದನ್ನು ಶುದ್ಧ ಸಂಗೀತದ ನಿಷ್ಠೆ ಅಂತ ಹೊಗಳುತ್ತಾರೆ. ಇರಬಹುದು. ನನಗೆ ಅದರಲ್ಲಿ ಒಬ್ಬ ಹುಬ್ಬಳ್ಳಿ ಹೆಂಗಸಿನ ವ್ಯವಹಾರ ಬುದ್ಧಿಯೂ ಕಾಣುತ್ತದೆ. ಇರುವ ದುಡ್ಡಿನಲ್ಲಿ ಸಂತೆ ಮಾಡುವುದು. ಇಲ್ಲದ್ದಕ್ಕೆ ಅಳುತ್ತಾ ಕೂರದೆ, ಇದ್ದದ್ದನ್ನು ಸರಿಯಾಗಿ ಖರ್ಚು ಮಾಡುವುದು.

ಅವರ ಆಭೋಗಿ ಕೇಳಿ. ಆಭೋಗಿಯಲ್ಲಿ ಪಂಚಮ (ಪ) ಇಲ್ಲ, ನಿಷಾದ (ನಿ) ಇಲ್ಲ. ಐದೇ ಸ್ವರ. ಶುರುವಿನಲ್ಲಿ ಅವರು ಏನೂ ಮಾಡುವುದಿಲ್ಲ. ಷಡ್ಜ ಹಚ್ಚಿ ಕೂರುತ್ತಾರೆ. ಆ ಷಡ್ಜ ಕೆಳಗೆ ಕಂಬ ಹೂಳಿದ ಹಾಗೆ. ಆಮೇಲೆ ಧೈವತದಿಂದ ಷಡ್ಜಕ್ಕೆ ಒಂದು ಸಲ ಬಂದು ಹೋಗುತ್ತಾರೆ. ಮತ್ತೆ ಬರುತ್ತಾರೆ. ಗಾಂಧಾರ ಬರಲಿ ಅಂತ ನಾವು ಕಾಯುತ್ತೇವೆ. ಕೊಡುವುದಿಲ್ಲ. ಇನ್ನೇನು ಕೊಟ್ಟರು ಅನ್ನುವಾಗ ರಿಷಭದಿಂದಲೇ ಹಿಂದಕ್ಕೆ. ಕೊನೆಗೆ ಗಾಂಧಾರ ಬಂದಾಗ ನಮಗೆ ಬಾಕಿ ಇದ್ದ ಸಾಲ ವಸೂಲಾದಷ್ಟು ಖುಷಿ. ತಾರ ಷಡ್ಜಕ್ಕೆ ಹೋಗುವಾಗ ಆ ದನಿಗೆ ಶ್ರಮ ಆಗುವುದು ಕೇಳಿಸುತ್ತದೆ. ಅವರು ಅದನ್ನು ಮುಚ್ಚುವುದಿಲ್ಲ. ಭಾರ ಎತ್ತುವವರ ತೋಳಿನ ನರ ಕಂಡ ಹಾಗೆ ಅದು ಕಾಣುತ್ತದೆ. ನನಗಂತೂ ಅಲ್ಲೇ ಮೈ ಜುಮ್ ಅನ್ನುವುದು.

ಇನ್ನೊಂದು ಮಾತು. ಆಭೋಗಿ ಮೂಲತಃ ಕರ್ನಾಟಕ ಸಂಗೀತದ ರಾಗ. ಅದು ಹಿಂದೂಸ್ತಾನಿಗೆ ಬಂದದ್ದರಲ್ಲಿ ಅಬ್ದುಲ್ ಕರೀಂ ಖಾನರ ಪಾಲು ದೊಡ್ಡದು. ಅವರಿಗೆ ದಕ್ಷಿಣದ ಸಂಗೀತದ ಮೇಲೆ ಬಹಳ ಪ್ರೀತಿ, ತ್ಯಾಗರಾಜರ ಕೃತಿ ಕಲಿತು ರೆಕಾರ್ಡು ಕೊಟ್ಟವರು. ಅಂಬಾಬಾಯಿ ಮಗಳಿಗಾಗಿ ಬಾಯಿ ಮುಚ್ಚಿಕೊಂಡ ಸಂಗೀತದ ಒಂದು ತುಣುಕು ಖಾನರ ಘರಾಣೆಯ ದಾರಿ ಹಿಡಿದು ಸುತ್ತಿ ಬಂದು ಅದೇ ಮಗಳ ಗಂಟಲಲ್ಲಿ ಕೂತಿತ್ತು. ಇದಕ್ಕೆ ಏನರ್ಥ ಅಂತ ನನ್ನನ್ನು ಕೇಳಬೇಡಿ. ಸುಮ್ನೆ ಹೇಳಿದೆ.

ಮುಂದಿನದ್ದು ಎಲ್ಲರಿಗೂ ಗೊತ್ತಿರುವುದೇ. ದೇಶದ ದೊಡ್ಡ ದೊಡ್ಡ ಸಮ್ಮೇಳನಗಳು, ವಿದೇಶ ಪ್ರವಾಸಗಳು, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕಿ. 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2002ರಲ್ಲಿ ಪದ್ಮವಿಭೂಷಣ. ಈಗ ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. ಎಂಜಲು ಬಳಿಯಬೇಕಾ ಅಂತ ಹೆದರಿದ್ದ ಹುಡುಗಿಯ ಹೆಸರಿನಲ್ಲಿ ಜನ ಡಿಗ್ರಿ ತಗೊಳ್ಳುತ್ತಿದ್ದಾರೆ. ಇಷ್ಟಾದರೂ ಅವರ ನಾಲಿಗೆ ಮೊಂಡಾಗಲಿಲ್ಲ. ಗಂಡಸು ಮುಸ್ಲಿಮನಾದರೆ ಉಸ್ತಾದ್ ಆಗುತ್ತಾನೆ, ಹಿಂದೂ ಆದರೆ ಪಂಡಿತ್ ಆಗುತ್ತಾನೆ, ಕೇಸರಬಾಯಿ, ಮೊಗುಬಾಯಿಯಂಥ ಗಾಯಕಿಯರು ಮಾತ್ರ ಬಾಯಿಯಾಗಿಯೇ ಉಳಿಯುತ್ತಾರೆ ಅಂತ ಅವರು ಹೇಳಿದ್ದು ನೆನಪಿದೆಯಾ? ಪಟ್ಟಿಯಲ್ಲಿ ತಮ್ಮ ಹೆಸರು ಸೇರಿಸಲಿಲ್ಲ ನೋಡಿ. ಅದು ಧಾರವಾಡದ ಗತ್ತು.

ನನಗೆ ಇರುವ ದೊಡ್ಡ ಕೊರಗು ಬೇರೆ. ನಾನು ಅವರನ್ನು ಎದುರು ಕೂತು ಕೇಳಲೇ ಇಲ್ಲ. ದೇಶಪಾಂಡೆ ನಗರದ ಅವರ ಮನೆ ಗಂಗಾಲಹರಿ ನಮ್ಮ ಮನೆಯಿಂದ ಸೈಕಲ್ ಹೊಡೆದರೆ ಹತ್ತು ನಿಮಿಷ. ಟ್ಯೂಷನ್ನಿಗೆ ಅದೇ ದಾರಿಯಲ್ಲಿ ಹೋಗುತ್ತಿದ್ದೆ. ಪ್ರತಿ ವರ್ಷ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಸಂಗೀತ ನಡೆಯುತ್ತದೆ. ಅಪ್ಪ ಸ್ಕೂಟರ್ ಹಾಕಿಕೊಂಡು ಹೋಗಿ ಬೆಳಿಗ್ಗೆ ಕೆಂಪು ಕಣ್ಣು ಮಾಡಿಕೊಂಡು ಬರುತ್ತಿದ್ದರು. "ಗಂಗೂಬಾಯಿ ಹಾಡಿದ್ರು ನೋಡು, ನೀ ಬರಬೇಕಿತ್ತು" ಅನ್ನುತ್ತಿದ್ದರು. ನನಗೆ ಪರೀಕ್ಷೆ ಇರುತ್ತಿತ್ತು. ಯಾವಾಗಲೂ ಒಂದು ಪರೀಕ್ಷೆ ಇರುತ್ತಿತ್ತು. ಯಾವ ಪರೀಕ್ಷೆ, ಎಷ್ಟು ಮಾರ್ಕ್ಸು, ಈಗ ಒಂದೂ ನೆನಪಿಲ್ಲ.

ಅವರು ಕ್ಯಾನ್ಸರನ್ನೂ ಗೆದ್ದು, 2006ರ ಮಾರ್ಚಿನಲ್ಲಿ ಕೊನೆಯ ಕಛೇರಿ ಮಾಡಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ 96 ವರ್ಷ. ಕಣ್ಣು ದಾನ ಮಾಡಿದ್ದರು. ನಾನು ಆಗ ಬೆಂಗಳೂರಿನಲ್ಲಿದ್ದೆ. ಟಿವಿಯಲ್ಲಿ ನೋಡಿದೆ. ನಮ್ಮ ಓಣಿಯ ತುದಿಯವರೆಗೂ ಜನ.

ಇದಕ್ಕೆ ಐದು ವರ್ಷ ಮೊದಲು, 2004ರಲ್ಲಿ, ಮಗಳು ಕೃಷ್ಣಾ ಹಾನಗಲ್ ಹೋಗಿದ್ದರು. ಅವರಿಗೂ ಕ್ಯಾನ್ಸರ್. ಅವರ ಬಗ್ಗೆ ಬರೆಯುವವರು ಕಡಿಮೆ. ಬರೆದರೂ 'ಸಹಗಾಯನ: ಕೃಷ್ಣಾ ಹಾನಗಲ್' ಅಂತ ತಟ್ಟೆಯ ಹಿಂದೆ ಒಂದು ಸಾಲು. ದಶಕಗಟ್ಟಲೆ ತಾಯಿಯ ಹಿಂದೆ ಕೂತು ಹಾಡಿದವರು. ಸ್ವತಃ ಒಳ್ಳೆಯ ಗಾಯಕಿ. ಸಹಗಾಯನ ಎಂಥ ಕೆಲಸ ಅಂತ ಗಮನ ಇಟ್ಟು ಕೇಳಿದರೆ ಗೊತ್ತಾಗುತ್ತದೆ. ತಾಯಿ ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಸ್ವರ ಬೀಳದ ಹಾಗೆ ಹಿಡಿಯಬೇಕು. ಹಿಡಿದು, ಒಂದು ಹೆಜ್ಜೆಯೂ ಮುಂದೆ ಹೋಗದೆ, ತಾಯಿ ಬಂದ ತಕ್ಷಣ ಬಿಟ್ಟುಕೊಡಬೇಕು. ಬಿಟ್ಟದ್ದು ಯಾರಿಗೂ ಗೊತ್ತಾಗಬಾರದು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅವ್ವನಿಗೆ ಎರಡೂ ರೆಕಾರ್ಡು ಕೇಳಿಸಿದೆ. ಅವ್ವ ಕರಜಿಕಾಯಿ ತುಂಬುತ್ತಿದ್ದಳು. ಮೊದಲು ಗಾಂಧಾರಿ ಹಾನಗಲ್. "ಯಾರಬೇ ಇಕಿ? ಚಲೋ ಐತಿ ದನಿ" ಅಂದಳು. ಹೇಳಲಿಲ್ಲ. ಆಮೇಲೆ ಆಭೋಗಿ ಹಾಕಿದೆ. ಇದು ಅವ್ವನಿಗೆ ಗೊತ್ತು, ಅಜ್ಜಿಯ ರೇಡಿಯೋದ ದನಿ. ಆಗ ಹೇಳಿದೆ, ಇಬ್ಬರೂ ಒಬ್ಬರೇ ಅಂತ, ಆಪರೇಷನ್ ಆಗಿ ಆ ಹಳೇ ದನಿ ಹೋಯಿತು ಅಂತ.

ಅವ್ವ ಹೂರಣದ ಕೈ ಹಾಗೇ ಹಿಡಿದುಕೊಂಡು ಸ್ವಲ್ಪ ಹೊತ್ತು ಕೇಳಿದಳು. ತಾಯಿ ನಿಲ್ಲಿಸಿದಲ್ಲಿ ಮಗಳ ದನಿ ಎದ್ದಿತು, ತೆಳ್ಳಗೆ.

"ಎಲ್ಲಿ ಹೋಗೇತಿ? ಹಿಂದ ಹಾಡಾಕತ್ತಾಳಲ್ಲ ಮಗಳು, ಅಕಿ ಹಂತ್ಯಾಕ ಐತಿ ನೋಡು."

ನಾನು ಏನೂ ಹೇಳಲಿಲ್ಲ. ರೆಕಾರ್ಡು ಹಿಂದಕ್ಕೆ ಎಳೆದು ಆ ಜಾಗ ಮತ್ತೆ ಹಾಕಿದೆ. ಅವ್ವ ಮುಂದಿನ ಕರಜಿಕಾಯಿಯ ಅಂಚು ಒತ್ತತೊಡಗಿದಳು. "ಇನ್ನ ಸ್ವಲ್ಪ ದೊಡ್ಡದ ಮಾಡು. ಅಕಿದು ಕೇಳವಲ್ದು."